ತೊಟ್ಟಿಲ ಬದಿಗೆ ನಿಂತ ಮಗು

ಜೂನ್ ತಿಂಗಳ ಮೊದಲ ವಾರದಲ್ಲಿ ಒಂದನೆಯ ಇಯತ್ತೆಯ ಕೋಣೆಯಲ್ಲಿ ಕೇಳಿಬರುವ ಅಳುವಿನಲ್ಲಿ ಎರಡು ಬಗೆಗಳಿರುವುದನ್ನು ಅನುಭವಸ್ಥ ಶಿಕ್ಷಕಿಯರು ಬಲ್ಲರು. ಒಂದು, ತಾಯಿಯ ಸೆರಗು ಬಿಡಲೊಲ್ಲದ ಮಗುವಿನ ಅಳು. ಅದು ಜೋರಾಗಿರುತ್ತದೆ, ಆದರೆ ಬಹಳ ದಿನ ಬಾಳುವುದಿಲ್ಲ. ಬಣ್ಣದ ಸೀಮೆಸುಣ್ಣ, ಪಕ್ಕದ ಗೆಳತಿಯ ಹೊಸ ಚೀಲ, ಮಧ್ಯಾಹ್ನದ ಬಿಸಿಯೂಟದ ವಾಸನೆ ಇವುಗಳ ಮುಂದೆ ನಾಲ್ಕೈದು ದಿನಗಳಲ್ಲಿ ಸೋತುಹೋಗುತ್ತದೆ. ಇನ್ನೊಂದು ಸದ್ದಿಲ್ಲದ ಅಳು. ಆ ಮಗು ಗೋಡೆಗೆ ಒರಗಿ ಕೂತು ಬಾಗಿಲ ಕಡೆಗೆ ನೋಡುತ್ತಿರುತ್ತದೆ. ಯಾರಾದರೂ ಮಾತನಾಡಿಸಿದರೆ ಮಾತ್ರ ಕಣ್ಣು ತುಂಬಿಕೊಳ್ಳುತ್ತದೆ. ವಿಚಾರಿಸಿದರೆ ತಿಳಿದುಬರುವುದು ಇಷ್ಟು: ಎರಡು ಮೂರು ತಿಂಗಳ ಹಿಂದೆ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದೆ. ವಯಸ್ಸಾಯಿತೆಂದು ಶಾಲೆಗೆ ಕಳುಹಿಸಿದೆವು ಎಂಬುದು ಹಿರಿಯರ ಲೆಕ್ಕ. ಕೂಸು ಬಂದಿತೆಂದು ತನ್ನನ್ನು ಹೊರಗೆ ಹಾಕಿದರು ಎಂಬುದು ಆ ಮಗುವಿನ ಲೆಕ್ಕ. ಎರಡರಲ್ಲಿ ಯಾವುದು ಸರಿಯೆಂದು ವಾದಿಸಿ ಪ್ರಯೋಜನವಿಲ್ಲ. ಆರು ವರ್ಷದ ಜೀವಕ್ಕೆ ತನ್ನ ಲೆಕ್ಕವೇ ಸತ್ಯ.

ಶಿಶುವಿನ ಪಾಲನೆಯ ವಿಷಯವಾಗಿ ಬರೆದವರೂ ಮಾತನಾಡಿದವರೂ ಬಹಳ ಜನ. ತೊಟ್ಟಿಲಲ್ಲಿರುವ ಕೂಸಿಗೆ ಏನು ಉಣಿಸಬೇಕು, ಯಾವಾಗ ಚುಚ್ಚುಮದ್ದು ಹಾಕಿಸಬೇಕು, ಹೇಗೆ ಮಲಗಿಸಬೇಕು ಎಂಬುದನ್ನು ಹೇಳುವವರಿಗೆ ಕೊರತೆಯಿಲ್ಲ, ಹೇಳಬೇಕಾದದ್ದೂ ಸರಿಯೇ. ಆದರೆ ಅದೇ ತೊಟ್ಟಿಲ ಬದಿಗೆ ಹಗ್ಗ ಹಿಡಿದು ನಿಂತಿರುವ ನಾಲ್ಕು, ಐದು, ಆರು ವರ್ಷದ ಇನ್ನೊಂದು ಮಗುವಿನ ಕಡೆಗೆ ತಿರುಗಿ ನೋಡಿದವರು ಕಡಿಮೆ. ತಮ್ಮನೋ ತಂಗಿಯೋ ಹುಟ್ಟಿದ ರಾತ್ರಿಯೇ ಆ ಮಗುವಿಗೆ ‘ಅಕ್ಕ’ ಎಂಬ, ‘ಅಣ್ಣ’ ಎಂಬ ಪದವಿ ಪ್ರಾಪ್ತವಾಗುತ್ತದೆ. ಪದವಿ ಬಂದ ಮಾತ್ರಕ್ಕೆ ವಯಸ್ಸು ಬರುವುದಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ಸಂತೋಷದ ಗದ್ದಲದಲ್ಲಿ ಮನೆಯವರೆಲ್ಲರೂ ಮರೆಯುತ್ತಾರೆ. ಈ ಮರೆವಿಗೆ ತೆರುವ ಬೆಲೆ ಮನೆಯಲ್ಲಿ ಆರಂಭವಾಗಿ ಶಾಲೆಯ ಹಾಜರಿ ಪುಸ್ತಕದವರೆಗೆ ಬಂದು ಮುಟ್ಟುವುದರಿಂದ ವಿದ್ಯಾಸಂಸ್ಥೆಯ ಸಂಚಿಕೆಯೊಂದರಲ್ಲಿ ಇದರ ಪ್ರಸ್ತಾಪ ಅಪ್ರಸ್ತುತವಾಗಲಾರದು.

ತಾಲೂಕು ಸ್ಥಳದ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ಹೆರಿಗೆ ಎರಡನೆಯದಾದ್ದರಿಂದ ತವರಿಗೆ ಹೋಗಲೇಬೇಕೆಂಬ ಕಟ್ಟು ಅಷ್ಟು ಬಿಗಿಯಲ್ಲ. ಬಾಣಂತಿತನ ಗಂಡನ ಮನೆಯಲ್ಲಿಯೇ ಸಾಗಿದೆ. ಅಜ್ಜಿಯ ಕೈ ಇನ್ನೂ ಗಟ್ಟಿಯಾಗಿದೆ. ಕೂಸಿಗೆ ಮೂರು ತಿಂಗಳು, ಹಿರಿಯ ಹುಡುಗಿಗೆ ಆರು ವರ್ಷ.

ಕೂಸು ರಾತ್ರಿಯನ್ನು ರಾತ್ರಿಯೆಂದು ಇನ್ನೂ ಒಪ್ಪಿಕೊಂಡಿಲ್ಲ. ದಿನದ 24 ತಾಸುಗಳಲ್ಲಿ ಹದಿನಾಲ್ಕು ಹದಿನೈದು ತಾಸು ಅದು ಮಲಗುವುದೇನೋ ನಿಜ, ಆದರೆ ಆ ನಿದ್ದೆ ತುಂಡುತುಂಡಾದದ್ದು. ಹುಟ್ಟಿದ ಮೊದಲ ವಾರಗಳಲ್ಲಿ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸಬೇಕಾಗಿದ್ದ ತಾಯಿಗೆ ಈಗ ಒಂದೆರಡು ಸಲ ಕಡಿಮೆಯಾಗಿರಬಹುದು, ಅಷ್ಟೇ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬೇಕಾಗಿಲ್ಲವೆಂದು ವೈದ್ಯರು ಹೇಳುವ ಮಾತು ಕೂಸಿನ ಮಟ್ಟಿಗೆ ಅಮೃತವೇ. ಆದರೆ ಆ ಅಮೃತವನ್ನು ಬಡಿಸುವ ಹೊತ್ತಿನಲ್ಲಿ ತಾಯಿಯ ಕೈ, ಮಡಿಲು, ಕಣ್ಣು ಮೂರೂ ಒಬ್ಬರಿಗೇ ಮೀಸಲಾಗುತ್ತವೆ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಬೆಳಗಾದ ಕೂಡಲೇ ಬಚ್ಚಲಲ್ಲಿ ನೀರು ಕಾಯುತ್ತದೆ. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಾಳೆ. ಕೈಕಾಲು ಮಣಿಸುತ್ತಾಳೆ, ಬಿಸಿನೀರು ಎರೆಯುತ್ತಾಳೆ. ಕೂಸು ಮೊದಲು ಕಿರಿಚಿ ಆಮೇಲೆ ಸುಖಕ್ಕೆ ಸುಮ್ಮನಾಗುತ್ತದೆ. ಲೋಬಾನದ ಹೊಗೆ, ಮೆತ್ತಗಿನ ಹಳೆಯ ಸೀರೆಯ ಬಟ್ಟೆ, ತಲೆಗೆ ಕುಲಾವಿ, ಹಣೆಗೂ ಕೆನ್ನೆಗೂ ಕಾಡಿಗೆಯ ಬೊಟ್ಟು. ಕಾಡಿಗೆಯನ್ನು ಕಣ್ಣಿನ ಒಳಗೆ ಹಚ್ಚುವುದನ್ನು ವೈದ್ಯರು ಬೇಡವೆನ್ನುತ್ತಾರೆ. ಹಣೆಯ ಬೊಟ್ಟಿನ ಬಗೆಗೆ ಯಾರ ತಕರಾರೂ ಇಲ್ಲ. ಇಷ್ಟೆಲ್ಲ ನಡೆಯುವಷ್ಟು ಹೊತ್ತು ಬಚ್ಚಲ ಬಾಗಿಲಲ್ಲಿ ಹಿರಿಯಳು ನಿಂತು ನೋಡುತ್ತಿರುತ್ತಾಳೆ. ಇದೇ ಮೊಣಕಾಲ ಮೇಲೆ ತಾನೂ ಮಲಗಿದ್ದೆನೆಂಬುದು ಅವಳಿಗೆ ನೆನಪಿರುವುದು ಸಾಧ್ಯವಿಲ್ಲ. ಹೋದ ವರ್ಷದವರೆಗೂ ಅಜ್ಜಿಯೇ ತನಗೆ ತಲೆ ಎರೆಯುತ್ತಿದ್ದಳೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಈಗ ಅವಳ ಸರದಿ ಬಂದಾಗ ನೀರು ಆರಿರುತ್ತದೆ, ಅಜ್ಜಿಯ ಸೊಂಟ ಹಿಡಿದಿರುತ್ತದೆ. ‘ನೀ ಈಗ ದೊಡ್ಡಾಕಿ ಆದಿ, ನೀನ ಹಾಕ್ಕೋ’ ಎಂದು ಚೊಂಬನ್ನು ಅವಳ ಕೈಗೇ ಕೊಡಲಾಗುತ್ತದೆ.

ತಲೆ ಬಾಚುವುದು ಇನ್ನೊಂದು ಪ್ರಸಂಗ. ತಾಯಿ ಎರಡು ಜಡೆಗಳಲ್ಲಿ ಒಂದನ್ನು ಹಾಕಿ ಮುಗಿಸುವಷ್ಟರಲ್ಲಿ ಒಳಗಿನಿಂದ ಕೂಸಿನ ದನಿ ಬರುತ್ತದೆ. ‘ಒಂದು ನಿಮಿಷ ತಡಿ’ ಎಂದು ಹೋದ ತಾಯಿ ಅರ್ಧ ತಾಸು ಬರುವುದಿಲ್ಲ. ಒಂದು ಕಡೆ ರಿಬ್ಬನ್ನು ಕಟ್ಟಿದ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು ಹೊತ್ತುಕೊಂಡು ಹುಡುಗಿ ಕಟ್ಟೆಯ ಮೇಲೆ ಕೂತಿರುತ್ತಾಳೆ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ತಡವಾಗಿ ಬಂದು ನಿಂತ ಇಂಥ ಹುಡುಗಿಯನ್ನು ‘ಶಿಸ್ತಿಲ್ಲ’ ಎಂದು ಗದರಿಸುವುದಕ್ಕೆ ಮೊದಲು ಅವಳ ತಲೆಯ ಮೇಲಿನ ಆ ಅರ್ಧ ಜಡೆಯನ್ನು ಶಿಕ್ಷಕರು ಓದಲು ಕಲಿಯುವುದು ಒಳ್ಳೆಯದು.

ನೋಡಲು ಬಂದ ನೆಂಟರ ಪಾತ್ರ ಇದರಲ್ಲಿ ಸಣ್ಣದಲ್ಲ. ಕೈಯಲ್ಲಿ ಕೂಸಿಗೆ ಅಂಗಿ, ಬಾಣಂತಿಗೆ ಅಂಟಿನುಂಡಿ ಹಿಡಿದುಕೊಂಡು ಬಂದವರು ಹೊಸ್ತಿಲು ದಾಟಿದೊಡನೆ ತೊಟ್ಟಿಲ ಕಡೆಗೆ ಹೋಗುತ್ತಾರೆ. ಮೂಗು ಯಾರದು, ಬಣ್ಣ ಯಾರದು ಎಂಬ ಚರ್ಚೆ ಮುಗಿದ ಮೇಲೆ ಹಿರಿಯಳ ಮೇಲೆ ಕಣ್ಣು ಬೀಳುತ್ತದೆ. ಆಗ ಬರುವ ಮಾತು ಒಂದೇ: ‘ಇನ್ನ ನಿನ್ನ ಕಿಮ್ಮತ್ತು ಮುಗೀತ ನೋಡವಾ!’ ಎಲ್ಲರೂ ನಗುತ್ತಾರೆ. ‘ಕೂಸನ್ನ ನಮ್ಮ ಮನೀಗೆ ಒಯ್ತೀನಿ, ಕೊಡ್ತೀಯೇನು?’ ಎಂದು ಇನ್ನೊಬ್ಬರು ಕೇಳುತ್ತಾರೆ. ‘ಒಯ್ರಿ’ ಎಂದು ಹುಡುಗಿ ತಡವಿಲ್ಲದೆ ಹೇಳಿಬಿಡುತ್ತಾಳೆ. ಮತ್ತೆ ನಗು. ಹೇಳಿದವರಿಗೆ ಅದು ವಿನೋದ. ಅವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಮಕ್ಕಳಿಗೆ ವಿನೋದದ ಮಾತನ್ನೂ ವ್ಯವಹಾರದ ಮಾತನ್ನೂ ಬೇರೆ ಮಾಡಿ ನೋಡುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ದೊಡ್ಡವರು ಒಬ್ಬರಿಗೊಬ್ಬರು ಆಡಿಕೊಂಡರೆ ಜಗಳವೇ ಆಗಿಬಿಡುವಂಥ ಮಾತನ್ನು ಮಗುವಿಗೆ ನಗುನಗುತ್ತ ಹೇಳಬಹುದೆಂಬ ಈ ರೂಢಿಯನ್ನು ಕೈಬಿಟ್ಟರೆ ಯಾವ ಸಂಸ್ಕೃತಿಗೂ ನಷ್ಟವಿಲ್ಲ.

ಆಮೇಲೆ ಹಿರಿಯ ಮಗುವಿನ ನಡತೆಯಲ್ಲಿ ಬದಲಾವಣೆಗಳು ಕಾಣಿಸಿಕೊಳ್ಳುತ್ತವೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ. ಸ್ಪಷ್ಟವಾಗಿದ್ದ ಮಾತು ತೊದಲಾಗುತ್ತದೆ. ತಾನೇ ಉಣ್ಣುತ್ತಿದ್ದ ಮಗು ಉಣಿಸಬೇಕೆಂದು ಹಟ ಹಿಡಿಯುತ್ತದೆ. ಯಾರೂ ಇಲ್ಲದಾಗ ಕೂಸನ್ನು ಚಿವುಟುವುದೂ ಉಂಟು. ಮರುಗಳಿಗೆಗೆ ಅದೇ ಕೂಸನ್ನು ಅಪ್ಪಿ ಮುದ್ದಾಡುವುದೂ ಉಂಟು. ಮನೆಯವರು ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ, ಮೊಂಡುತನ ಎನ್ನುತ್ತಾರೆ. ಒಂದು ಪೆಟ್ಟು ಬಿದ್ದರೂ ಬೀಳಬಹುದು. ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್ ಮೊದಲ ಮಗುವಿನ ಈ ಸ್ಥಿತಿಯನ್ನು ಸಿಂಹಾಸನ ಕಳೆದುಕೊಂಡ ಅರಸನ ಸ್ಥಿತಿಗೆ ಹೋಲಿಸಿದನು. ಹೋಲಿಕೆ ಚೆನ್ನಾಗಿದೆ, ಪೂರ್ತಿ ಒಪ್ಪುವಂಥದಲ್ಲ. ಅರಸನಿಗೆ ರಾಜ್ಯ ಬೇಕು. ಈ ಮಗು ಕೇಳುವುದು ತಾನು ಮೊದಲು ಕೂತಿದ್ದ ತೊಡೆಯ ಮೇಲೆ ಸ್ವಲ್ಪ ಸ್ಥಳವನ್ನು. ತೊದಲುವುದೂ ಒದ್ದೆ ಮಾಡುವುದೂ ಆ ಸ್ಥಳಕ್ಕಾಗಿ ಅದು ಸಲ್ಲಿಸುವ ಅರ್ಜಿಗಳು. ಕೂಸಾದರೆ ಎತ್ತಿಕೊಳ್ಳುತ್ತಾರೆಂಬುದನ್ನು ಅದು ಕಣ್ಣಾರೆ ಕಂಡಿದೆಯಲ್ಲ!

ಕೆಳಗಿಳಿಸಲ್ಪಟ್ಟ ಮಗುವಿನ ಪಾಡು ಮನಸ್ಸಿಗಷ್ಟೇ ಸಂಬಂಧಿಸಿದ್ದಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಮನಕಲಕುವ ಒಂದು ನಿದರ್ಶನವಿದೆ. 1930ರ ದಶಕದಲ್ಲಿ ಆಫ್ರಿಕೆಯ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದರು. ಒಂದರಿಂದ ನಾಲ್ಕು ವರ್ಷದೊಳಗಿನ ಕೆಲವು ಮಕ್ಕಳು ಕೈಕಾಲು ಬಾತು, ಚರ್ಮ ಸುಲಿದು, ಕೂದಲ ಬಣ್ಣಗೆಟ್ಟು ಅವರ ಬಳಿಗೆ ಬರುತ್ತಿದ್ದವು, ಬಹಳಷ್ಟು ಸಾಯುತ್ತಿದ್ದವು. ಆ ರೋಗಕ್ಕೆ ಪುಸ್ತಕಗಳಲ್ಲಿ ಸರಿಯಾದ ಹೆಸರಿರಲಿಲ್ಲ. ಆಕೆ ಸ್ಥಳೀಯ ತಾಯಂದಿರನ್ನೇ ಕೇಳಿದರು. ಅವರ ಗಾ ಭಾಷೆಯಲ್ಲಿ ಅದಕ್ಕೆ ಆಗಲೇ ಹೆಸರಿತ್ತು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಬೇನೆ ಎಂದು ಅದರ ಅರ್ಥ. 1935ರಲ್ಲಿ ಆ ಹೆಸರಿನಿಂದಲೇ ಆಕೆ ಅದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಎದೆಹಾಲು ತಪ್ಪಿದ ಮಗುವಿಗೆ ಅದರ ಬದಲಾಗಿ ಸಾರವಿಲ್ಲದ ಗಂಜಿ ಮಾತ್ರ ದೊರೆಯುತ್ತಿದ್ದುದೇ ಮೂಲವೆಂದು ಆಕೆ ತೋರಿಸಿಕೊಟ್ಟರು. ಓದುಬರಹ ಬಾರದ ತಾಯಂದಿರು ರೋಗದ ಹೆಸರಿನಲ್ಲಿಯೇ ಅದರ ಕಾರಣವನ್ನು ಹಿಡಿದಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ಸಲಹೆ ಮಾಡಿರುವುದು ತಾಯಿಯ ಮೈ ಚೇತರಿಸಿಕೊಳ್ಳಲೆಂದು ಮಾತ್ರವಲ್ಲ. ತೊಡೆಯಿಂದ ಇಳಿಯುವ ಮಗುವಿಗೆ ಕಾಲೂರಲು ಸಮಯ ಸಿಗುವುದೂ ಆ ಅಂತರದಲ್ಲಿಯೇ.

ಹಿಂದಿನ ಕಾಲದ ಅವಿಭಕ್ತ ಕುಟುಂಬದಲ್ಲಿ ಈ ತೊಂದರೆ ಇರಲಿಲ್ಲವೆಂದು ಹೇಳುವವರಿದ್ದಾರೆ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಅಜ್ಜಿ ಹೀಗೆ ಹತ್ತು ಮಡಿಲುಗಳಿದ್ದವು. ಒಂದರಿಂದ ಇಳಿದ ಮಗು ಇನ್ನೊಂದಕ್ಕೆ ಏರುತ್ತಿತ್ತು ಎಂಬ ಮಾತಿನಲ್ಲಿ ನಿಜವಿದೆ. ಆದರೆ ಅದು ಅರ್ಧ ನಿಜ. ಅದೇ ದೊಡ್ಡ ಮನೆಯಲ್ಲಿ ಹೆಂಗಸರೆಲ್ಲರೂ ಬೀಸುವ, ಕುಟ್ಟುವ, ಹೊಲಕ್ಕೆ ಬುತ್ತಿ ಒಯ್ಯುವ ಕೆಲಸಗಳಲ್ಲಿ ಮುಳುಗಿರುವಾಗ ಕೂಸು ಇರುತ್ತಿದ್ದುದು ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ. ತನ್ನ ತೂಕದ ಅರ್ಧದಷ್ಟು ಕೂಸನ್ನು ಎತ್ತಿಕೊಂಡು, ಒಂದು ಬದಿಗೆ ವಾಲಿ, ಓಣಿಯಲ್ಲಿ ಕುಂಟಾಟವಾಡುವ ಗೆಳತಿಯರನ್ನು ನೋಡುತ್ತ ನಿಂತ ಹುಡುಗಿಯ ಚಿತ್ರ ಹಳೆಯ ತಲೆಮಾರಿನವರಿಗೆ ಅಪರಿಚಿತವಲ್ಲ. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೊಟ್ಟಿಲ ಕಂದನನ್ನು ಕನ್ನಡದಲ್ಲಿ ಅಮರಗೊಳಿಸಿದೆ. ಹಾಡುವ ತಾಯಿಯ ಕೈ ಬೀಸುಕಲ್ಲಿನ ಮೇಲಿದ್ದಾಗ ತೊಟ್ಟಿಲ ಹಗ್ಗ ಯಾರ ಕೈಯಲ್ಲಿತ್ತು ಎಂದು ಕೇಳಿಕೊಂಡರೆ ಆ ಹುಡುಗಿ ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ.

ಹುಡುಗ ಹಿರಿಯನಾಗಿದ್ದರೆ ಕಥೆ ಬೇರೆ. ‘ಅಣ್ಣ’ ಎಂಬ ಪದವಿಯೊಡನೆ ಅವನಿಗೆ ಬೀದಿಗೆ ಹೋಗುವ ಸ್ವಾತಂತ್ರ್ಯ ಬರುತ್ತದೆ, ‘ಅಕ್ಕ’ ಎಂಬ ಪದವಿಯೊಡನೆ ಅವಳಿಗೆ ಕೂಸು ಬರುತ್ತದೆ. ಈ ಭೇದವನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಯೋಚಿಸದೆ ಮಾಡಿದ್ದರಿಂದಲೇ ಇಷ್ಟು ಕಾಲ ಬಾಳಿಬಂದಿದೆ.

ಹಿರಿಯ ಮಗುವಿಗೆ ಹೊಣೆ ಕಲಿಸಬಾರದೇ, ತಮ್ಮ ತಂಗಿಯರನ್ನು ಆಡಿಸುವುದರಿಂದ ಪ್ರೀತಿ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತಾಯಿ ಒಲೆಯ ಮುಂದೆ ಇರುವಾಗ ಹತ್ತು ನಿಮಿಷ ತೊಟ್ಟಿಲು ತೂಗುವುದು, ಕುಲಾವಿ ತಂದುಕೊಡುವುದು, ಕೂಸಿನ ಮುಂದೆ ಗಿಲಿಗಿಲಿ ಆಡಿಸುವುದು ಆಟವೂ ಹೌದು, ಶಿಕ್ಷಣವೂ ಹೌದು. ತಾಯಿ ಕೂಲಿಗೆ ಹೋದ ಎಂಟು ತಾಸು ಕೂಸಿನ ಪ್ರಾಣಕ್ಕೆ ಹೊಣೆಯಾಗಿರುವುದು ಆಟವಲ್ಲ, ದುಡಿಮೆ. ಅದು ಕೂಸಿಗೂ ಕ್ಷೇಮವಲ್ಲ. ತಾನು ತಿನ್ನುತ್ತಿರುವ ಶೇಂಗಾದ ಕಾಳನ್ನು ಪ್ರೀತಿಯಿಂದಲೇ ಕೂಸಿನ ಬಾಯಿಗೆ ಇಡುವ ಅಕ್ಕನಿಗೆ, ಆ ಒಂದು ಕಾಳು ಉಸಿರುನಾಳಕ್ಕೆ ಇಳಿದರೆ ಏನಾಗುತ್ತದೆಂಬುದು ಹೇಗೆ ತಿಳಿದೀತು? ಅನಾಹುತವಾದರೆ ಆ ಪಾಪವನ್ನು ಅವಳ ತಲೆಗೆ ಕಟ್ಟುವವರೂ ಇರುತ್ತಾರೆ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ ಶಾಲೆಯ ವೇಳೆಯ ಹೊರಗೆ ಮನೆಯವರಿಗೆ ನೆರವಾಗುವುದನ್ನು ಹೊರತುಪಡಿಸಿತು. ಹೊರತುಪಡಿಸದೆ ವಿಧಿಯಿರಲಿಲ್ಲ. ಆದರೆ ಶಾಲೆಯ ವೇಳೆಯ ಒಳಗೆ ನಡೆಯುವ ಈ ಕೆಲಸವನ್ನು ಕೆಲಸವೆಂದು ಯಾರೂ ಬರೆದುಕೊಳ್ಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕಿರುವ ಹೆಸರು ಒಂದೇ, ‘ಗೈರು’.

ಮನೆಯಲ್ಲಿ ಸರಿಪಡಿಸಬಹುದಾದದ್ದು ಬಹಳವಿದೆ, ಅದಕ್ಕೆ ಹಣ ಬೇಕಾಗಿಲ್ಲ. ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುವ ಸಂಭ್ರಮದಲ್ಲಿ, ಗುಗ್ಗರಿ ಹಂಚುವ ಕೆಲಸವನ್ನು ಹಿರಿಯಳ ಕೈಗೆ ಕೊಡಬಹುದು. ನೆಂಟರನ್ನು ಮೊದಲು ಅವಳೇ ತೊಟ್ಟಿಲ ಬಳಿಗೆ ಕರೆದೊಯ್ಯಲಿ. ತಂದೆಯಾದವನು ಸಂಜೆ ಮನೆಗೆ ಬಂದಾಗ ನೇರ ತೊಟ್ಟಿಲಿಗೆ ಹೋಗದೆ ಹಿರಿಯಳನ್ನು ಮೊದಲು ಮಾತನಾಡಿಸಲಿ. ಮೂರು ತಿಂಗಳ ಕೂಸು ಅದಕ್ಕಾಗಿ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೂ ಒಂದು ಮಾತು. ಗಂಡಸರು ನೆರವಾಗಬೇಕೆಂದಾಗ ಅವರು ಸಾಮಾನ್ಯವಾಗಿ ಹಿರಿಯ ಮಗುವನ್ನು ಪೇಟೆಗೆ ಕರೆದೊಯ್ದು ಬಿಸ್ಕೀಟು ಕೊಡಿಸಿ ಬರುತ್ತಾರೆ. ಒಳ್ಳೆಯದೇ, ಆದರೆ ಆ ಮಗುವಿಗೆ ಬೇಕಾದದ್ದು ಬಿಸ್ಕೀಟಲ್ಲ, ತಾಯಿ. ಆದಕಾರಣ ಅರ್ಧ ತಾಸು ಕೂಸನ್ನು ತಂದೆ ಎತ್ತಿಕೊಳ್ಳಬೇಕು. ಆ ಅರ್ಧ ತಾಸಿನಲ್ಲಿ ತಾಯಿ ಎರಡನೆಯ ಜಡೆಯನ್ನು ಹಾಕಿ ಮುಗಿಸಬೇಕು. ಕೂಸನ್ನು ಹಿಡಿಯಲು ಗಂಡಸಿಗೆ ಬರುವುದಿಲ್ಲವೆಂಬುದು ಹೆಂಗಸರು ನಗೆಯಾಡಲು ಕಟ್ಟಿದ, ಗಂಡಸರು ತಮಗೆ ಅನುಕೂಲವೆಂದು ನಂಬಿದ ಮಾತು. ಕತ್ತಿಗೆ ಆಸರೆ ಕೊಟ್ಟು ಹಿಡಿಯುವುದನ್ನು ಕಲಿಯಲು ಒಂದು ಸಂಜೆ ಸಾಕು. ಕಾನೂನು ಸಹ ಈ ವಿಷಯದಲ್ಲಿ ತಂದೆಯನ್ನು ಹೆಚ್ಚು ನೆನೆದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ತಾಯಿಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು ವಿಧಿಸಿತು. ತಂದೆಯ ರಜೆಯ ಸುದ್ದಿಯನ್ನು ಅದು ಎತ್ತಲಿಲ್ಲ.

ಆದರೆ ರಜೆ, ಸಂಬಳ ಇವೆಲ್ಲ ನೌಕರಿಯುಳ್ಳವರ ಮಾತು. ಸೋಯಾಬೀನು, ಮೆಣಸಿನಕಾಯಿ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ದಿನಗೂಲಿಗೆ ಹೋಗುವ ತಾಯಿಗೆ ಯಾವ ಕಾಯ್ದೆಯ 26 ವಾರಗಳೂ ತಲುಪುವುದಿಲ್ಲ. ಶಾಲೆಗೆ ಬಾರದ ಅಕ್ಕಂದಿರು ಹೆಚ್ಚಾಗಿ ಇರುವುದು ಇಂಥ ಮನೆಗಳಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಲ್ಲಿಂದೀಚೆಗೆ ಅಂಗನವಾಡಿ ಊರೂರಿಗೆ ಬಂದಿದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಕ್ಷರದ ಹೊಸ್ತಿಲಾಗಿದೆ. ಅಂಗನವಾಡಿ ಕಾರ್ಯಕರ್ತೆಯರು ಮಾಡಿರುವ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಮೂರು ವರ್ಷದೊಳಗಿನ ಕೂಸಿಗೆ ಬಹುತೇಕ ಕಡೆ ಅಲ್ಲಿಂದ ದೊರೆಯುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ, ತೂಕ, ಲಸಿಕೆಯ ತಿಳಿವಳಿಕೆ. ದಿನವಿಡೀ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮನೆಗೆ, ಮನೆಯಿಂದ ಅಕ್ಕನ ಸೊಂಟಕ್ಕೆ ಬರುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಶಾಲೆಯ ಬಾಗಿಲನ್ನು ಹಕ್ಕಾಗಿ ತೆರೆಯಿತು. ಆ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ಬಂದು ನಿಂತ ಹುಡುಗಿಗೆ ಏನು ಹೇಳಬೇಕೆಂಬುದನ್ನು ಅದು ತಿಳಿಸಲಿಲ್ಲ.

ಇದಕ್ಕೆ ಉತ್ತರವನ್ನು ಕಾಯ್ದೆಗಳಿಗಿಂತ ಬಹಳ ಮೊದಲೇ ಒಬ್ಬ ಶಿಕ್ಷಕಿ ಕಂಡುಕೊಂಡಿದ್ದರು. ಭಾವನಗರದಲ್ಲಿ ಗಿಜುಭಾಯಿ ಬಧೇಕರೊಡನೆ ಬಾಲಶಿಕ್ಷಣದ ಪ್ರಯೋಗಗಳಲ್ಲಿ ತೊಡಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಯ ಉತ್ತರಕ್ಕೆ ಕಡಲ ದಂಡೆಯ ಬೋರ್ಡಿ ಎಂಬ ಊರಿಗೆ ಬಂದು ಬಾಲವಾಡಿ ತೆರೆದರು. ಅನುತಾಯಿ ವಾಘ್ ಅವರ ಜೊತೆಗಿದ್ದರು. ಹಿಂದುಳಿದ ಕೇರಿಗಳ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬಾರದವರನ್ನು ದೂರುವುದನ್ನು ಬಿಟ್ಟು ತಾರಾಬಾಯಿಯವರು ಬಾಲವಾಡಿಯನ್ನೇ ಆ ಮಕ್ಕಳ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆಯ ಹುಟ್ಟು ಅದು. ಮುಂದೆ ಕೋಸಬಾಡದ ಗುಡ್ಡದಲ್ಲಿ ವಾರಲಿ ಮಕ್ಕಳ ನಡುವೆ ಕೆಲಸ ಮಾಡುವಾಗ ಅವರು ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದು ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ಕೂಸನ್ನು ಹೊತ್ತ ಅಕ್ಕ ಶಾಲೆಗೆ ಬರಬೇಕಾದರೆ ಕೂಸಿಗೂ ಅಲ್ಲಿಯೇ ಸ್ಥಳವಿರಬೇಕು ಎಂಬ ಸರಳ ವಿವೇಕ ಈ ವ್ಯವಸ್ಥೆಯಲ್ಲಿದೆ. ದೊಡ್ಡ ದೊಡ್ಡ ಆಯೋಗಗಳ ವರದಿಗಳಿಗಿಂತ ಈ ಒಂದು ಸೂರು ಹೆಚ್ಚು ಹೇಳುತ್ತದೆ.

ಸರ್ಕಾರಗಳೂ ಈ ದಾರಿಯಲ್ಲಿ ಹೆಜ್ಜೆ ಇಟ್ಟಿಲ್ಲವೆಂದಲ್ಲ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಕೆಲಸದವರಲ್ಲಿಯೇ ಒಬ್ಬ ಮಹಿಳೆಯನ್ನು ನೇಮಿಸಿ ಕೂಲಿ ಕೊಡಬೇಕೆಂದು ಹೇಳಿತ್ತು. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಹೆಸರು ಸೊಗಸಾಗಿದೆ. ಕೂಸಿನ ಮನೆ ಶಾಲೆಯ ಕೂಗಳತೆಯಲ್ಲಿರುವ ಊರಿನಲ್ಲಿ ಅಕ್ಕನೂ ಶಾಲೆಗೆ ಬಂದಾಳು. ಪಂಚಾಯತಿಯ ಇನ್ನೊಂದು ತುದಿಯಲ್ಲಿರುವ ಊರಿನಲ್ಲಿ ಅವಳು ಮನೆಯಲ್ಲೇ ಉಳಿದಾಳು.

ಖಾಸಗಿ ಸಂಸ್ಥೆಗಳು ನಡೆಸುವ ಶಾಲೆಗಳಿಗೆ, ಅದರಲ್ಲಿಯೂ ಊರವರ ದಾನದಿಂದ ಬೆಳೆದು ದಾಸೋಹದ ಪರಂಪರೆಯಲ್ಲಿ ನಿಂತ ಶಾಲೆಗಳಿಗೆ, ಈ ಕೆಲಸ ಪರಕೀಯವಾಗಬೇಕಾಗಿಲ್ಲ. ದೂರದ ಊರಿನ ಹುಡುಗರು ಓದಲೆಂದು ಉಚಿತ ಪ್ರಸಾದ ನಿಲಯಗಳನ್ನು ಕಟ್ಟಿದವರು ಈ ಭಾಗದ ಹಿರಿಯರು. ಹುಡುಗನು ಓದಲು ಅಡ್ಡಿಯಾಗಿದ್ದುದು ಊಟ ಮತ್ತು ವಸತಿ ಎಂದು ಅವರು ಕಂಡುಕೊಂಡರು, ಅದನ್ನು ಒದಗಿಸಿದರು. ಹುಡುಗಿ ಓದಲು ಅಡ್ಡಿಯಾಗಿರುವುದು ಸೊಂಟದ ಮೇಲಿನ ಕೂಸು ಎಂದು ಕಂಡುಬಂದರೆ ಮಾಡಬೇಕಾದದ್ದು ಬೇರೆ ಯಾವ ತರ್ಕದ್ದೂ ಅಲ್ಲ. ದಾನಿಗಳು ಸಭಾಭವನಕ್ಕೆ, ಮಹಾದ್ವಾರಕ್ಕೆ, ಗಡಿಯಾರ ಗೋಪುರಕ್ಕೆ ಕೊಡುವುದು ಸಂತೋಷವೇ. ಅಮೃತಶಿಲೆಯ ಫಲಕಕ್ಕೆ ಅಲ್ಲಿ ಒಳ್ಳೆಯ ಗೋಡೆ ದೊರೆಯುತ್ತದೆ. ಆದರೆ ಕೂಸಿನ ಕೋಣೆಗೂ ಗೋಡೆಗಳಿರುತ್ತವೆ.

ಬೇಕಾಗುವುದು ಒಂದು ಕೋಣೆ, ನೆಲಕ್ಕೆ ಕೌದಿಗಳು, ತೊಲೆಗೆ ನಾಲ್ಕಾರು ಕೊಂಡಿಗಳು, ಅವುಗಳಿಗೆ ಹಳೆಯ ಸೀರೆಯ ಜೋಳಿಗೆಗಳು, ನಲ್ಲಿಯ ನೀರು, ಗಂಜಿ ಕಾಸಲು ಒಲೆ, ತೆವಳುವ ಕೂಸು ಹೊರಗೆ ಬಾರದಂತೆ ಬಾಗಿಲಿಗೆ ಅರ್ಧ ಎತ್ತರದ ತಡೆ. ಮಕ್ಕಳನ್ನು ಸಾಕಿ ಕೈ ಪಳಗಿದ ಇಬ್ಬರು ಹೆಂಗಸರು ಯಾವ ಊರಿನಲ್ಲಿಯೂ ಸಿಗುತ್ತಾರೆ. ಅವರಿಗೆ ತಿಂಗಳು ತಪ್ಪದೆ ಸಂಬಳ ಸಿಗುವಂತೆ ಮಾಡುವುದು ಮಾತ್ರ ಸುಲಭವಲ್ಲ. ಕಟ್ಟಡಕ್ಕೆ ಒಮ್ಮೆ ಕೊಡುವ ದಾನಿಗಳಿಗಿಂತ ಈ ಸಂಬಳಕ್ಕೆ ವರ್ಷವರ್ಷವೂ ಕೊಡುವ ಮಾಜಿ ವಿದ್ಯಾರ್ಥಿಗಳ ಒಂದು ಗುಂಪು ಮುಂದೆ ಬಂದರೆ ಕೆಲಸ ನಿಂತೀತು. ಆ ಕೋಣೆ ತಾಯಿ ಮಧ್ಯಾಹ್ನ ಹೊಲದಿಂದ ಬಂದು ಹಾಲೂಡಿಸಿ ಹೋಗುವಷ್ಟು ದಾರಿಯ ಸಮೀಪದಲ್ಲಿರಬೇಕು. ಒಂದನೆಯ ಇಯತ್ತೆಗೆ ಕೂಸಿನ ಅಳು ಕೇಳಿಸದಷ್ಟು ಹಿಂದಕ್ಕೂ ಇರಬೇಕು. ಕೂಸು ಅತ್ತಿತೆಂದು ಅಕ್ಕನನ್ನು ತರಗತಿಯಿಂದ ಕರೆಸಕೂಡದು ಎಂಬ ನಿಯಮವೊಂದನ್ನು, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ, ಅದರ ಬಾಗಿಲಿಗೆ ಮೊದಲ ದಿನವೇ ಅಂಟಿಸಬೇಕು.